ಪುಸ್ತಕದ ಪೆಟ್ಟಿಗೆಯಲ್ಲಿ ತಪ್ಪಿಸಿಕೊಂಡ ವಕೀಲನ ಊರುಗಳಲ್ಲಿ ಐದು ದಿನ

ಮೊದಲ ದಿನ: ಡೆಲ್ಫ್ಟ್

ಮೇ ತಿಂಗಳು ಬಂದರೆ ನಮ್ಮ ಕೋರ್ಟುಗಳಿಗೆ ಬೇಸಿಗೆ ರಜೆ. ಕುಂದಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಆ ರಜೆಯಲ್ಲಿ ದೂರ ಅಂತ ಹೋದದ್ದು ಧರ್ಮಸ್ಥಳಕ್ಕೆ, ಒಮ್ಮೆ ಮೈಸೂರಿಗೆ. ಈ ಸಲ ತಮ್ಮನ ಮಗಳು ಹಟ ಹಿಡಿದಳು. ಅವಳು ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. "ಅತ್ತೆ, ನೀವು ಯಾವಾಗಲೂ ಹೇಳುವ ಆ ಗ್ರೋಷಿಯಸ್ ಇದೇ ಊರಿನವನು. ಅವನ ಪ್ರತಿಮೆ ಎದುರಿಂದಲೇ ದಿನಾ ಸೈಕಲ್ಲಲ್ಲಿ ಹೋಗ್ತೇನೆ" ಅಂದಳು. ಅಷ್ಟು ಸಾಕಾಯಿತು.

ಹ್ಯೂಗೋ ಗ್ರೋಷಿಯಸ್ ಹುಟ್ಟಿದ್ದು 1583ರ ಏಪ್ರಿಲ್ 10ರಂದು, ಇಲ್ಲೇ. ಲಾ ಕಾಲೇಜಿನಲ್ಲಿ ನಮಗೆ ಅವನ ಬಗ್ಗೆ ಇದ್ದದ್ದು ಎರಡೇ ಸಾಲು: ಅಂತಾರಾಷ್ಟ್ರೀಯ ಕಾನೂನಿನ ಪಿತಾಮಹ, ನೈಸರ್ಗಿಕ ಕಾನೂನಿನ ಪ್ರತಿಪಾದಕ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆಮೇಲೆ ಅವನು ನನ್ನನ್ನು ಬಿಡಲೇ ಇಲ್ಲ.

ಮಾರುಕಟ್ಟೆ ಚೌಕದ ನಡುವೆ ಪ್ರತಿಮೆ ಇದೆ. 1886ರದ್ದು. ಅದರ ಬುಡದಲ್ಲಿ ಚೀಸ್ ತಿನ್ನುತ್ತಾ ಕೂತ ಮಕ್ಕಳು. ಹಿಂದೆ ಹೊಸ ಚರ್ಚು. ಹೆಸರಿಗೆ ಹೊಸದು, ಆರುನೂರು ವರ್ಷ ದಾಟಿದೆ. ಒಳಗೆ ಗ್ರೋಷಿಯಸ್‌ನ ಸಮಾಧಿ. ಅದರ ಮೇಲಿನ ಸ್ಮಾರಕ 1781ರಲ್ಲಿ ಮಾಡಿಸಿದ್ದು.

ನನ್ನನ್ನು ತಡೆದು ನಿಲ್ಲಿಸಿದ್ದು ಸಮಾಧಿ ಅಲ್ಲ, ಅದರ ನೆರೆಮನೆ. ಡಚ್ ರಾಜಮನೆತನದ ಹೆಚ್ಚಿನವರನ್ನು ಹೂಳುವುದು ಇದೇ ಚರ್ಚಿನಲ್ಲಿ. ಗ್ರೋಷಿಯಸ್‌ನನ್ನು ಜೈಲಿಗೆ ಹಾಕಿಸಿದ ರಾಜಕುಮಾರ ಮಾರಿಸ್ ಕೂಡ ಇಲ್ಲೇ ಇದ್ದಾನೆ. ಹಿಡಿಸಿದವನೂ ಸಿಕ್ಕಿಬಿದ್ದವನೂ ಒಂದೇ ನೆಲದ ಕೆಳಗೆ! ಮಾರಿಸ್ ಸತ್ತದ್ದು 1625ರಲ್ಲಿ. ಅದೇ ವರ್ಷ ದೇಶಭ್ರಷ್ಟ ಗ್ರೋಷಿಯಸ್ ಪ್ಯಾರಿಸ್ಸಿನಲ್ಲಿ ತನ್ನ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಯುದ್ಧದ ಮತ್ತು ಶಾಂತಿಯ ಕಾನೂನು ಅಂತ ಅದರ ಹೆಸರು.

ಹೊರಗೆ ಬಂದಾಗ ರಾತ್ರಿ ಒಂಬತ್ತಾಗಿತ್ತು, ಬಿಸಿಲು ಇನ್ನೂ ಗೋಡೆ ಮೇಲಿತ್ತು. ಹುಡುಗಿ ಕೇಳಿದಳು, "ನೈಸರ್ಗಿಕ ಕಾನೂನು ಅಂದ್ರೆ ಎಂತ ಅತ್ತೆ? ಗುರುತ್ವಾಕರ್ಷಣೆ ತರದ್ದಾ?"

ಅಲ್ಲ. ನಮ್ಮ ಕಡೆ ಹಳಬರು ಕಾನೂನು ಬೇರೆ, ನ್ಯಾಯ ಬೇರೆ ಅನ್ನುತ್ತಾರಲ್ಲ, ಅಲ್ಲಿಂದ ಶುರು ಮಾಡಿದೆ. ಯಾವ ರಾಜನೂ ಬರೆಯದ ಕಾನೂನೊಂದಿದೆ ಅಂತ ಗ್ರೋಷಿಯಸ್ ನಂಬಿದ್ದ. ಮನುಷ್ಯ ಒಬ್ಬನೇ ಬದುಕಲಾರ, ನಾಲ್ಕು ಜನರ ಜೊತೆ ಬದುಕಬೇಕು. ಹಾಗೆ ಬದುಕಬೇಕಾದರೆ ಕೆಲವು ಕಟ್ಟು ಇರಲೇಬೇಕು. ಬೇರೆಯವರದ್ದು ಮುಟ್ಟಬಾರದು. ತೆಗೆದುಕೊಂಡಿದ್ದರೆ ವಾಪಸು ಕೊಡಬೇಕು. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ನಷ್ಟ ಮಾಡಿದರೆ ತುಂಬಿಕೊಡಬೇಕು. ಇದು ಅವನಿಗಿಂತ ಮೊದಲೂ ಇದ್ದ ವಿಚಾರವೇ. ಹಳೇ ರೋಮಿನ ವಕೀಲ ಸಿಸೆರೋ ಹೇಳಿದ್ದ, ಸಂತ ಥಾಮಸ್ ಅಕ್ವಿನಾಸ್ ಹೇಳಿದ್ದ. ಗ್ರೋಷಿಯಸ್ ಅದನ್ನು ರಾಜರಾಜರ ನಡುವಿನ ಜಗಳಕ್ಕೂ, ಯುದ್ಧಕ್ಕೂ ಇಷ್ಟು ವಿವರವಾಗಿ ತಂದ. ಅಲ್ಲಿಗೆ ನಿಲ್ಲಿಸಿದೆ. ಅವಳಿಗೆ ಹಸಿವಾಗಿತ್ತು.

ಎರಡನೇ ದಿನ: ಲೈಡನ್

ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ. ಲೈಡನ್ ವಿಶ್ವವಿದ್ಯಾಲಯ ಶುರುವಾದದ್ದು 1575ರಲ್ಲಿ. ಗ್ರೋಷಿಯಸ್ ಇಲ್ಲಿ ಸೇರಿದಾಗ ಅವನಿಗೆ ಹನ್ನೊಂದು ವರ್ಷ. ಹದಿನೈದಕ್ಕೆ ಫ್ರಾನ್ಸಿಗೆ ಹೋದ ರಾಯಭಾರದ ಜೊತೆ ಹೋದ. ಅಲ್ಲಿನ ರಾಜ ನಾಲ್ಕನೇ ಹೆನ್ರಿ ಅವನನ್ನು ಹಾಲೆಂಡಿನ ಪವಾಡ ಅಂತ ಕರೆದನಂತೆ. ರಾಪೆನ್‌ಬರ್ಗ್ ಕಾಲುವೆ ದಂಡೆಯ ಹಳೇ ಕಟ್ಟಡದ ಎದುರು ಕಲ್ಲಿನ ಮೇಲೆ ಕೂತು ತಂದಿದ್ದ ಚಪಾತಿ ತಿಂದೆವು. ತಣ್ಣಗಿನ ಗಾಳಿ.

ಈ ಊರಿಗೆ ಬಂದದ್ದಕ್ಕೆ ಒಂದು ಕಾರಣ ಇದೆ. ಇಲ್ಲಿನ ಗ್ರಂಥಾಲಯದಲ್ಲಿ ಅವನ ಕೈಬರಹದ ಒಂದು ಕಟ್ಟು ಇದೆ. ಎರಡೂವರೆ ಶತಮಾನ ಅದು ಮನೆತನದವರ ಕಾಗದಗಳ ನಡುವೆ ಬಿದ್ದಿತ್ತು. 1864ರಲ್ಲಿ ಹರಾಜಿಗೆ ಬಂದಾಗಲೇ ಲೋಕಕ್ಕೆ ಗೊತ್ತಾಯಿತು, ಇಂಥದ್ದೊಂದು ಇದೆ ಅಂತ. ಅದನ್ನು ನೋಡಲು ನಮಗೆ ಆಗಲಿಲ್ಲ. ಅದು ಇರುವ ಊರಲ್ಲಿ ಒಂದು ದಿನ ಕೂತರೂ ಸಾಕು ಅನ್ನಿಸಿತ್ತು.

ಅದು ಏನು ಗೊತ್ತಾ? ಒಬ್ಬ ಜೂನಿಯರ್ ವಕೀಲ ಒಂದು ಕಂಪನಿಗೆ ಬರೆದುಕೊಟ್ಟ ವಾದ.

1603ರ ಫೆಬ್ರವರಿ 25. ಸಿಂಗಾಪುರದ ಹತ್ತಿರ ಡಚ್ ಕಪ್ತಾನ ಯಾಕಬ್ ಫಾನ್ ಹೇಮ್ಸ್‌ಕರ್ಕ್ ಪೋರ್ಚುಗೀಸರ ಸಾಂತಾ ಕತರೀನಾ ಅನ್ನುವ ಹಡಗನ್ನು ಹಿಡಿದ. ಅದರ ತುಂಬ ಚೀನಾದ ರೇಷ್ಮೆ, ಪಿಂಗಾಣಿ. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದಾಗ ಹತ್ತಿರ ಹತ್ತಿರ ಮೂವತ್ತೈದು ಲಕ್ಷ ಗಿಲ್ಡರ್ ಬಂತು. ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾಗಿ ಆಗಿನ್ನೂ ಎರಡು ವರ್ಷ. ಆದರೆ ಷೇರುದಾರರಲ್ಲೇ ಕೆಲವರಿಗೆ ಮನಸ್ಸು ಒಪ್ಪಲಿಲ್ಲ. ವ್ಯಾಪಾರಕ್ಕೆ ಅಂತ ದುಡ್ಡು ಹಾಕಿದ್ದೆವು, ಇದು ಕೊಳ್ಳೆ ಅಲ್ವಾ ಅಂದರು. ಆಗ ಕಂಪನಿ ಇಪ್ಪತ್ತೊಂದು ವರ್ಷದ ಗ್ರೋಷಿಯಸ್ ಹತ್ತಿರ ಬಂತು.

ಕಕ್ಷಿದಾರನಿಗೆ ಬೇಕಾದದ್ದು ಒಂದು ಸಣ್ಣ ಸಮಜಾಯಿಷಿ. ಈ ಹುಡುಗ ಬುಡದಿಂದಲೇ ಶುರು ಮಾಡಿದ. ಸಮುದ್ರ ಯಾರದ್ದು? ಗಾಳಿಯನ್ನು ಬೇಲಿ ಹಾಕಿ ಹಿಡಿಯಲಾಗದ ಹಾಗೆ ಸಮುದ್ರವನ್ನೂ ಹಿಡಿಯಲಾಗದು. ಒಬ್ಬ ಹಾದುಹೋದರೆ ಇನ್ನೊಬ್ಬನಿಗೆ ಕಮ್ಮಿ ಆಗುವುದಿಲ್ಲ. ಹಾಗಾದರೆ ಪೋರ್ಚುಗೀಸರು ಹಿಂದೂ ಮಹಾಸಾಗರವನ್ನು ನಮ್ಮದು ಅನ್ನುವುದು ಹೇಗೆ? ಪೋಪ್ ಬರೆದುಕೊಟ್ಟರು ಅಂತೀರಾ? ಪೋಪರದ್ದಲ್ಲದ್ದನ್ನು ಪೋಪ್ ಕೊಡಲು ಬರುವುದಿಲ್ಲ. ಈ ಮಾತಿಗೆ ಅವನು ಕರೆದ ಸಾಕ್ಷಿ ಸ್ಪೇನಿನ ಸಲಮಾಂಕಾದ ಪ್ರಾಧ್ಯಾಪಕ ಫ್ರಾನ್ಸಿಸ್ಕೋ ದೆ ವಿಟೋರಿಯಾ. ಅಮೆರಿಕದ ಮೂಲ ಜನರ ನೆಲಕ್ಕೆ ಅವರೇ ಒಡೆಯರು ಅಂತ 1539ರಲ್ಲೇ ಪಾಠ ಮಾಡಿದ್ದವರು ಅವರು. ಗ್ರೋಷಿಯಸ್ ಬರೆಯುವ ಹೊತ್ತಿಗೆ ಸ್ಪೇನ್, ಪೋರ್ಚುಗಲ್ ಎರಡಕ್ಕೂ ಒಬ್ಬನೇ ರಾಜ. ಎದುರು ಪಕ್ಷದ ಸಾಕ್ಷಿಯ ಬಾಯಿಂದಲೇ ನಮ್ಮ ಕೇಸು ಗೆಲ್ಲಿಸಿಕೊಳ್ಳುವುದು ಅಂದರೆ ಇದು. ಆ ಕಟ್ಟಿನ ಒಂದು ಅಧ್ಯಾಯವನ್ನು ಮಾತ್ರ 1609ರಲ್ಲಿ ಇದೇ ಲೈಡನ್ನಿನಲ್ಲಿ ಅಚ್ಚು ಹಾಕಿದರು, ಹೆಸರಿಲ್ಲದೆ. ಮುಕ್ತ ಸಮುದ್ರ ಅಂತ.

ನನಗೆ ಇದು ದೂರದ ಕಥೆ ಅಲ್ಲ. ನನ್ನ ಅಜ್ಜಿ ಮನೆ ಬಸ್ರೂರು. ವಾರಾಹಿ ನದಿಯ ದಂಡೆ. ಅಲ್ಲಿಂದ ಅಕ್ಕಿ ಹೊತ್ತ ಹಡಗುಗಳು ಗೋವಾಕ್ಕೆ, ಅರಬ್ಬೀ ಕರಾವಳಿಗೆ ಹೋಗುತ್ತಿದ್ದ ಕಾಲದಲ್ಲಿ ಪೋರ್ಚುಗೀಸರ ಕರ್ತಾಜ್ ಅನ್ನುವ ಪರವಾನಗಿ ಚೀಟಿ ಇರಲೇಬೇಕಿತ್ತು. ಚೀಟಿ ಇಲ್ಲದ ಹಡಗು ಸಿಕ್ಕರೆ ಹಡಗೂ ಹೋಯಿತು, ಮಾಲೂ ಹೋಯಿತು. 1560ರ ದಶಕದ ಕೊನೆಗೆ ಅವರು ಮಂಗಳೂರು, ಹೊನ್ನಾವರ, ಬಸ್ರೂರು ಮೂರನ್ನೂ ಹಿಡಿದು ಕೋಟೆ ಕಟ್ಟಿದರು. ಎಂಬತ್ತು ವರ್ಷ ದಾಟಿದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸಿದ್ದು ಕೆಳದಿಯ ಶಿವಪ್ಪ ನಾಯಕ. ನಮ್ಮ ಸಮುದ್ರದಲ್ಲಿ ನಮ್ಮ ಅಕ್ಕಿಗೆ ಯಾರದೋ ಚೀಟಿ! ಆ ಚೀಟಿಯನ್ನು ಲೈಡನ್ನಿನಲ್ಲಿ ಓದಿದ ಹುಡುಗನೊಬ್ಬ ಕಾನೂನಿನ ಭಾಷೆಯಲ್ಲೇ ಹರಿದು ಹಾಕಿದ ಅಂತ ಮೊದಲು ಓದಿದಾಗ ನನ್ನ ಮೈ ಝುಂ ಅಂದಿತ್ತು. ಪೂರ್ವದ ದ್ವೀಪಗಳ ಜನರಿಗೆ ಅವರದ್ದೇ ರಾಜರಿದ್ದಾರೆ, ಅವರದ್ದೇ ಕಾನೂನಿದೆ, ನಂಬಿಕೆ ಬೇರೆ ಅನ್ನುವ ಕಾರಣಕ್ಕೆ ಅವರ ಆಸ್ತಿ ಕಿತ್ತುಕೊಳ್ಳಲು ಬರುವುದಿಲ್ಲ ಅಂತಲೂ ಅವನು ಅದರಲ್ಲಿ ಬರೆದಿದ್ದಾನೆ.

ಅದು ಪೂರ್ತಿ ಕಥೆ ಅಲ್ಲ. ಉಳಿದದ್ದಕ್ಕೆ ಐದನೇ ದಿನ ಬರಬೇಕು.

ಮೂರನೇ ದಿನ: ಹೇಗ್

ಬೆಳಿಗ್ಗೆ ಬಿನ್ನೆನ್‌ಹೋಫ್. ಡಚ್ ಸರ್ಕಾರದ ಹಳೇ ಅಂಗಳ. ವರ್ಷಗಟ್ಟಲೆಯ ದುರಸ್ತಿ ನಡೆಯುತ್ತಿದೆ. ಎಲ್ಲೆಲ್ಲೂ ಬೇಲಿ, ಕ್ರೇನು. ಕೆರೆಯ ಆಚೆ ದಂಡೆಯಿಂದ ನೋಡಿದೆವು. 1619ರ ಮೇ 13ರಂದು ಇಲ್ಲಿ ಯೊಹಾನ್ ಫಾನ್ ಓಲ್ಡನ್‌ಬಾರ್ನೆವೆಲ್ಟ್ ಎಂಬ ಎಪ್ಪತ್ತೊಂದು ವರ್ಷದ ಮುತ್ಸದ್ದಿಯ ತಲೆ ಕಡಿದರು. ಗ್ರೋಷಿಯಸ್ ಅವರ ಪಕ್ಷದವನು. ಮೇಲುನೋಟಕ್ಕೆ ಧರ್ಮದ ಜಗಳ, ಒಳಗೆ ಮಾರಿಸ್‌ನ ಕೈ ಮೇಲೋ ಪ್ರಾಂತಗಳ ಕೈ ಮೇಲೋ ಅನ್ನುವ ಜಗಳ. ವಿಚಾರಣೆಗೆ ಅಂತಲೇ ಇಪ್ಪತ್ನಾಲ್ಕು ನ್ಯಾಯಾಧೀಶರ ವಿಶೇಷ ಕೋರ್ಟು ಮಾಡಿದರು. ತೀರ್ಪು ಏನಿರಬೇಕು ಅಂತ ಮೊದಲೇ ಗೊತ್ತಿದ್ದಾಗ ಮಾಡುವ ಕೋರ್ಟು ಅದು. ಗ್ರೋಷಿಯಸ್‌ಗೆ ಜೀವಾವಧಿ, ಆಸ್ತಿ ಮುಟ್ಟುಗೋಲು.

ಅಲ್ಲಿಂದ ಟ್ರಾಮಿನಲ್ಲಿ ಶಾಂತಿ ಅರಮನೆ, ಅಂತಾರಾಷ್ಟ್ರೀಯ ನ್ಯಾಯಾಲಯ ಇರುವ ಕಟ್ಟಡ. ಕಬ್ಬಿಣದ ಗೇಟಿನ ಆಚೆ ಕೆಂಪು ಇಟ್ಟಿಗೆ, ಎತ್ತರದ ಗಡಿಯಾರದ ಗೋಪುರ. ಕಟ್ಟಿಸಲು ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರೂ ಕಾರ್ನೆಗಿ 15 ಲಕ್ಷ ಡಾಲರ್ ಕೊಟ್ಟಿದ್ದರು. ಬಾಗಿಲು ತೆರೆದದ್ದು 1913ರ ಆಗಸ್ಟ್ 28ರಂದು. ಗ್ರೋಷಿಯಸ್ ತೀರಿಕೊಂಡದ್ದೂ ಆಗಸ್ಟ್ 28ರಂದೇ, 1645ರಲ್ಲಿ. ಅರಮನೆ ತೆರೆದ ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಗೇಟಿನ ಹತ್ತಿರ ಶಾಂತಿಯ ದೀಪವೊಂದು ಉರಿಯುತ್ತದೆ, ಸುತ್ತ ದೇಶದೇಶಗಳಿಂದ ತಂದ ಕಲ್ಲುಗಳು. ಒಬ್ಬ ಹೆಂಗಸು ಬಗ್ಗಿ ಒಂದು ಕಲ್ಲಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಹಾಗೇ ಇದ್ದರು. ಯಾವ ದೇಶದ್ದು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಇಲ್ಲಿ ನನಗೆ ನೆನಪಾದವರು ಇಬ್ಬರು. ಒಬ್ಬರು ನಮ್ಮ ಮಂಗಳೂರಿನವರು, ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಗೆ ಕಾನೂನು ಸಲಹೆಗಾರರಾಗಿದ್ದವರು. 1952ರಲ್ಲಿ ಇಲ್ಲಿನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಬಂದರು. ಎರಡು ವರ್ಷ ತುಂಬುವ ಮೊದಲೇ, 1953ರ ನವೆಂಬರಿನಲ್ಲಿ ತೀರಿಕೊಂಡರು. ಕೆನರಾ ಹೈಸ್ಕೂಲಿನಲ್ಲಿ ಓದಿದ ಹುಡುಗ ಈ ಮೆಟ್ಟಿಲು ಹತ್ತಿ ಹೋಗುತ್ತಿದ್ದರು ಅಂತ ನೆನೆದರೆ ಗಂಟಲು ಕಟ್ಟುತ್ತದೆ.

ಇನ್ನೊಂದು ನೆನಪು ಒಂದು ಕೇಸು. ಪೋರ್ಚುಗಲ್ ವಿರುದ್ಧ ಭಾರತ. ನಾನು ದಿನಾ ನಡೆಸುವುದು ದಾರಿ ತಕರಾರು. ಹಿಂದಿನ ಗದ್ದೆಯವನಿಗೆ ಮುಂದಿನ ಗದ್ದೆಯವನು ದಾರಿ ಬಿಡುವುದಿಲ್ಲ, ತಡೆಯಾಜ್ಞೆ ಕೊಡಿ, ಇಂಥದ್ದು. ಇದೂ ದಾರಿ ತಕರಾರೇ. ದಾದ್ರಾ ಮತ್ತು ನಾಗರ್ ಹವೇಲಿ ಪೋರ್ಚುಗೀಸರ ಕೈಲಿದ್ದವು, ಆದರೆ ಸುತ್ತಲೂ ಭಾರತದ ನೆಲ. 1954ರಲ್ಲಿ ಜನ ಎದ್ದು ಅವನ್ನು ಬಿಡಿಸಿಕೊಂಡರು. ದಮನ್‌ನಿಂದ ಅಲ್ಲಿಗೆ ಹೋಗಲು ದಾರಿ ಕೊಡಿ ಅಂತ ಪೋರ್ಚುಗಲ್ ಮರುವರ್ಷ ಇಲ್ಲಿ ದಾವೆ ಹೂಡಿತು. ಭಾರತದ ಕಡೆಯಿಂದ ಅಡ್‌ಹಾಕ್, ಅಂದರೆ ಆ ಒಂದು ಕೇಸಿಗೆ ಮಾತ್ರದ ನ್ಯಾಯಾಧೀಶರಾಗಿ ಕೂತವರು ಎಂ.ಸಿ. ಛಾಗ್ಲಾ. 1960ರ ಏಪ್ರಿಲ್ 12ರಂದು ತೀರ್ಪು ಬಂತು. ಜನರಿಗೆ, ಸಿವಿಲ್ ಅಧಿಕಾರಿಗಳಿಗೆ, ಸಾಮಾನಿಗೆ ದಾರಿ ಹಕ್ಕು ರೂಢಿಯಿಂದ ಬಂದಿತ್ತು ಅಂತ ಕೋರ್ಟು ಒಪ್ಪಿತು. ಸೈನ್ಯಕ್ಕೆ, ಮದ್ದುಗುಂಡಿಗೆ ಇಲ್ಲ ಅಂದಿತು. ಭಾರತ ತಪ್ಪು ಮಾಡಿಲ್ಲ ಅಂತಲೂ ಹೇಳಿತು. ಸಮುದ್ರವೇ ನಮ್ಮದು, ಚೀಟಿ ತೋರಿಸಿ ಅಂದವರು ಮುನ್ನೂರೈವತ್ತು ವರ್ಷದ ಮೇಲೆ ದಾರಿ ಕೊಡಿಸಿ ಅಂತ ಕೋರ್ಟಿನ ಎದುರು ನಿಂತಿದ್ದರು. ಗೇಟಿನ ಎದುರು ನಿಂತು ಇದನ್ನು ಹುಡುಗಿಗೆ ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ನಾಲ್ಕನೇ ದಿನ: ಲೋವೆಸ್ಟೈನ್ ಕೋಟೆ

ಡೋರ್ಡ್ರೆಕ್ಟ್‌ನಲ್ಲಿ ರೈಲು ಬದಲಿಸಿ ಖೋರಿಂಖಮ್ ಊರಿಗೆ. ಅಲ್ಲಿಂದ ದೋಣಿ. ವೇಳಾಪಟ್ಟಿ ನಾನೇ ತಪ್ಪು ಓದಿದ್ದರಿಂದ ಒಂದು ದೋಣಿ ಕಣ್ಣೆದುರೇ ಹೋಯಿತು. ಜಿಟಿಜಿಟಿ ಮಳೆಯಲ್ಲಿ ಕಟ್ಟೆ ಮೇಲೆ ಕಾದೆವು. ಕಾದದ್ದು ಒಳ್ಳೆಯದೇ ಆಯಿತು. ಈ ನೀರಿನ ಅಗಲ ಸರಿಯಾಗಿ ಕಣ್ಣಿಗೆ ಬಂತು. ವಾಲ್ ನದಿ, ಮಾಸ್ ನದಿ ಕೂಡುವ ಮೂಲೆಯಲ್ಲಿ ಕೋಟೆ. ಗಂಗೊಳ್ಳಿ ಅಳಿವೆ ನೋಡಿದವರಿಗೆ ಇಲ್ಲಿನ ನೀರು ಹೊಸದಲ್ಲ. ಈಜಿ ದಾಟುವ ಮಾತೇ ಇಲ್ಲ.

1619ರ ಜೂನಿನಲ್ಲಿ ಗ್ರೋಷಿಯಸ್‌ನನ್ನು ಇಲ್ಲಿಗೆ ತಂದರು. ಹೆಂಡತಿ ಮರಿಯಾ ಫಾನ್ ರೈಖರ್ಸ್‌ಬರ್ಖ್ ಮಕ್ಕಳ ಜೊತೆ ಬಂದು ಒಳಗೇ ಇದ್ದಳು. ದಪ್ಪ ಗೋಡೆ, ಆಳವಾದ ಕಿಟಕಿ. ಮಹಡಿಯ ಆ ಕೋಣೆಯಲ್ಲಿ ನಿಂತರೆ ಕಿಟಕಿಯಾಚೆ ನದಿ ಕಾಣುತ್ತದೆ. ಅಲ್ಲೇ ಕೂತು ಅವನು ಹಾಲೆಂಡಿನ ಕಾನೂನಿನ ಪರಿಚಯ ಅಂತ ಒಂದು ಪುಸ್ತಕ ಬರೆದ, ಲ್ಯಾಟಿನ್ನಿನಲ್ಲಿ ಅಲ್ಲ, ಡಚ್ಚಿನಲ್ಲಿ. ಮುಂದೆ ಮಕ್ಕಳು ಓದಿ ಕಲಿಯಲಿ ಅಂತ. ಇವತ್ತಿಗೂ ದಕ್ಷಿಣ ಆಫ್ರಿಕದ ಕೋರ್ಟುಗಳಲ್ಲಿ ಅದನ್ನು ಉದಾಹರಿಸುತ್ತಾರೆ. ತನಗೆ ನ್ಯಾಯ ಕೊಡದ ನಾಡಿನ ಕಾನೂನನ್ನು ಜೈಲಿನಲ್ಲಿ ಕೂತು, ತನ್ನ ಭಾಷೆಯಲ್ಲಿ, ಇಷ್ಟು ಪ್ರೀತಿಯಿಂದ ಬರೆಯುವುದಕ್ಕೆ ಎಂಥ ಮನಸ್ಸು ಬೇಕು!

ಓದಲು ಸ್ನೇಹಿತರು ಪುಸ್ತಕ ಕಳಿಸುತ್ತಿದ್ದರು. ದೊಡ್ಡ ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಓದಿ ಮುಗಿದವು ಅದೇ ಪೆಟ್ಟಿಗೆಯಲ್ಲಿ ವಾಪಸು ಖೋರಿಂಖಮ್‌ಗೆ. ಕಾವಲಿನವರು ಮೊದಮೊದಲು ಬಿಚ್ಚಿ ನೋಡುತ್ತಿದ್ದರು. ಬರೀ ಪುಸ್ತಕ ಕಂಡು ಕಂಡು ಬೇಸತ್ತು ಬಿಟ್ಟುಬಿಟ್ಟರು. ಇದನ್ನು ಗಮನಿಸಿದವಳು ಮರಿಯಾ. ಪೆಟ್ಟಿಗೆಯೊಳಗೆ ಗಂಡನನ್ನು ಮಲಗಿಸಿ ಮುಚ್ಚಳ ಹಾಕಿ ಅಭ್ಯಾಸ ಮಾಡಿಸಿದಳು, ಉಸಿರು ಕಟ್ಟದೆ ಎಷ್ಟು ಹೊತ್ತು ಇರಬಲ್ಲ ಅಂತ.

1621ರ ಮಾರ್ಚ್ 22. ಕೋಟೆಯ ಮುಖ್ಯಸ್ಥ ಊರಲ್ಲಿರಲಿಲ್ಲ. ಸೈನಿಕರು ಪೆಟ್ಟಿಗೆ ಎತ್ತಿದರು. ಇಷ್ಟು ಭಾರ ಯಾಕೆ, ಒಳಗೆ ಅರ್ಮಿನಿಯನ್ ಪಂಥದವನೇ ಇದ್ದಾನೋ ಅಂತ ಒಬ್ಬ ಕೇಳಿದನಂತೆ. ಧರ್ಮದ ಜಗಳದಲ್ಲಿ ಗ್ರೋಷಿಯಸ್ ಕಡೆಯವರ ಪಂಥ ಅದು. ಅರ್ಮಿನಿಯನ್ ಪುಸ್ತಕಗಳಿವೆ ಅಂತ ಮರಿಯಾ ಉತ್ತರಿಸಿದಳಂತೆ. ಪೆಟ್ಟಿಗೆಯ ಜೊತೆ ದೋಣಿ ಹತ್ತಿದ್ದು ಮನೆಗೆಲಸದ ಹುಡುಗಿ ಎಲ್ಸೆ ಫಾನ್ ಹೌವೆನಿಂಗ್. ಸುಮಾರು ಎರಡು ಗಂಟೆ ಅವನು ಒಳಗಿದ್ದ. ಆಚೆ ದಡದಲ್ಲಿ ಗಾರೆ ಕೆಲಸದವನ ವೇಷ ಹಾಕಿ ಆಂಟ್‌ವರ್ಪ್ ಸೇರಿದ, ಅಲ್ಲಿಂದ ಪ್ಯಾರಿಸ್. ಮರಿಯಾ ಕೋಟೆಯಲ್ಲೇ ಉಳಿದಳು, ಸಿಟ್ಟಾದವರ ಎದುರು. ಕೆಲವು ದಿನಗಳ ಮೇಲೆ ಅವಳನ್ನೂ ಬಿಟ್ಟರು.

ಕೋಟೆಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಆಮ್‌ಸ್ಟರ್‌ಡ್ಯಾಮಿನವರು ನಿಜವಾದದ್ದು ನಮ್ಮಲ್ಲಿದೆ ಅನ್ನುತ್ತಾರೆ, ಡೆಲ್ಫ್ಟಿನವರೂ ಹಾಗೇ ಅನ್ನುತ್ತಾರೆ. ಅದು ನನಗೆ ಮುಖ್ಯ ಅನ್ನಿಸಲಿಲ್ಲ. ನಾನು ಅದರ ಮುಂದೆ ಮಂಡಿಯೂರಿ ಬೀಗದ ತೂತು ನೋಡಿದೆ. ಕಿರುಬೆರಳು ಹೋಗುವಷ್ಟು. ಉಸಿರಿಗೆ ಇದ್ದದ್ದು ಅಷ್ಟೇ. ಉದ್ದ ಎಷ್ಟು ಅಂದರೆ ದೊಡ್ಡವರು ಕಾಲು ಮಡಚಿ, ಗದ್ದ ಎದೆಗೆ ತಾಗಿಸಿ ಮಲಗಬೇಕು. ಅಜ್ಜಿಯ ಮನೆಯ ಅಕ್ಕಿ ಪೆಟ್ಟಿಗೆ ನೆನಪಾಯಿತು. ಕಣ್ಣಾಮುಚ್ಚಾಲೆ ಆಡುವಾಗ ಒಮ್ಮೆ ಅದರಲ್ಲಿ ಅಡಗಿ, ಮುಚ್ಚಳ ಬಿದ್ದು ಕತ್ತಲಾದಾಗ ನಾನು ಕಿರುಚಿದ್ದೆ. ಒಂದು ನಿಮಿಷ ಇದ್ದಿರಬಹುದು ಅಷ್ಟೇ.

ನಾಲ್ಕು ವರ್ಷದ ಮೇಲೆ ಬಂದ ಆ ದೊಡ್ಡ ಪುಸ್ತಕದ ಮುನ್ನುಡಿಯಲ್ಲಿ ಒಂದು ಮಾತಿದೆ. ದೇವರೇ ಇಲ್ಲ ಅಂತ, ಅಥವಾ ಮನುಷ್ಯರ ಗೊಡವೆ ದೇವರಿಗೆ ಇಲ್ಲ ಅಂತ ಒಪ್ಪಿಕೊಂಡರೂ, ಹಾಗೆ ಒಪ್ಪುವುದು ಮಹಾಪಾಪ, ಆದರೂ ತಾನು ಹೇಳಿದ್ದು ಒಂದು ಮಟ್ಟಿಗೆ ನಿಲ್ಲುತ್ತದೆ ಅನ್ನುವ ಅರ್ಥದ್ದು. ಅವನು ದೈವಭಕ್ತ. ಇಂಥ ಮಾತನ್ನು ಅವನಿಗಿಂತ ಮೊದಲು ಮಠದ ಪಂಡಿತರೂ ಆಡಿದ್ದರು. ಆದರೆ ಅವನು ಬರೆದ ಹೊತ್ತು ನೋಡಿ. ಕ್ರೈಸ್ತರು ಕ್ರೈಸ್ತರನ್ನು ದೇವರ ಹೆಸರಲ್ಲೇ ಕಡಿಯುತ್ತಿದ್ದರು. ಮೂವತ್ತು ವರ್ಷ ನಡೆದ ಯುದ್ಧ ಅದು. ನನ್ನ ದೇವರು ಹೇಳಿದ, ನಿನ್ನ ದೇವರು ಹೇಳಿದ ಅನ್ನುವಲ್ಲಿ ತೀರ್ಮಾನ ಆಗುವುದಿಲ್ಲ. ಇಬ್ಬರೂ ನಿಲ್ಲಬಹುದಾದ ನೆಲ ಬೇಕಿತ್ತು. ಆ ಕೋಣೆಯ ಕಿಟಕಿಯ ಹತ್ತಿರ ನಿಂತಾಗ ಆ ಸಾಲು ನನಗೆ ಮೊದಲ ಸಲ ಸರಿಯಾಗಿ ಅರ್ಥವಾಯಿತು.

ಐದನೇ ದಿನ: ಹೋರ್ನ್

ಹುಡುಗಿಗೆ ಆಮ್‌ಸ್ಟರ್‌ಡ್ಯಾಮ್ ತೋರಿಸುವ ಆಸೆ. ನಾನು ಅದನ್ನು ದಾಟಿ ಹೋರ್ನ್‌ಗೆ ಹೋಗೋಣ ಅಂದೆ. ಚಂದದ ಸಣ್ಣ ಬಂದರು. ಚೌಕದಲ್ಲಿ ಇನ್ನೊಂದು ಪ್ರತಿಮೆ, ಯಾನ್ ಪೀಟರ್‌ಸೋನ್ ಕೂನ್. ಗ್ರೋಷಿಯಸ್‌ಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಅದೇ ಕಂಪನಿಯ ಗವರ್ನರ್ ಜನರಲ್.

ಗ್ರೋಷಿಯಸ್ ಪೆಟ್ಟಿಗೆಯಲ್ಲಿ ನದಿ ದಾಟಿದ 1621ರ ಅದೇ ವಸಂತದಲ್ಲಿ ಕೂನ್ ಈಗಿನ ಇಂಡೋನೇಷ್ಯಾದ ಬಾಂದಾ ದ್ವೀಪಗಳ ಮೇಲೆ ದಂಡೆತ್ತಿ ಹೋಗಿದ್ದ. ಆಗ ಲೋಕಕ್ಕೆಲ್ಲ ಜಾಯಿಕಾಯಿ ಬರುತ್ತಿದ್ದದ್ದು ಆ ಪುಟ್ಟ ದ್ವೀಪಗಳಿಂದ ಮಾತ್ರ. ಕಂಪನಿಗೆ ಮಾತ್ರ ಮಾರಬೇಕು ಅಂತ ಒಪ್ಪಂದ ಬರೆಸಿಕೊಂಡಿದ್ದರು. ಅಲ್ಲಿನ ಜನ ಇಂಗ್ಲಿಷರಿಗೂ ಮಾರಿದರು. ಕೂನ್ ಸುಮಾರು ನಲವತ್ತು ಮುಖಂಡರನ್ನು ಕಡಿಸಿದ. ಸಾವಿರಾರು ಜನ ಸತ್ತರು, ಹಸಿದು ಸತ್ತರು, ಉಳಿದವರನ್ನು ಗುಲಾಮರಾಗಿ ಸಾಗಿಸಿದರು. ಊರುಗಳು ಬರಿದಾದವು.

ಇದಕ್ಕೂ ನನ್ನ ವಕೀಲನಿಗೂ ಸಂಬಂಧ ಇಲ್ಲ ಅಂತ ಹೇಳಲು ಬರುವಂತಿದ್ದರೆ ಎಷ್ಟು ಚೆನ್ನಾಗಿತ್ತು. 1613ರಲ್ಲಿ ಗ್ರೋಷಿಯಸ್ ಲಂಡನ್ನಿಗೆ ಹೋಗಿದ್ದ, ಕಂಪನಿಯ ಪರ. ನಮಗೂ ಮಸಾಲೆ ದ್ವೀಪಗಳಲ್ಲಿ ವ್ಯಾಪಾರಕ್ಕೆ ಬಿಡಿ ಅಂತ ಇಂಗ್ಲಿಷರು ಕೇಳಿದರು. ಕೇಳುವಾಗ ಅವರು ಎತ್ತಿ ಓದಿದ್ದು ಮುಕ್ತ ಸಮುದ್ರ. ಅವನದ್ದೇ ಮಾತು. ಒಪ್ಪಂದ ಮಾಡಿಕೊಂಡಾಗಿದೆ, ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂತ ಅವನು ಉತ್ತರ ಕೊಟ್ಟ. ಅದೂ ಅವನ ನೈಸರ್ಗಿಕ ಕಾನೂನಿನದ್ದೇ ಸಾಲು. ಆ ಒಪ್ಪಂದವನ್ನು ಫಿರಂಗಿಯ ನೆರಳಲ್ಲಿ ಬರೆಸಿಕೊಂಡಿದ್ದು ಅನ್ನುವುದನ್ನು ಅವನು ಲೆಕ್ಕಕ್ಕೆ ತರಲಿಲ್ಲ. ನನಗೆ ಇದು ನೋವು. ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಹಿಡಿದು ಬಂದವರ ಎದುರು ನಾನು ಎಷ್ಟೋ ಸಲ ವಾದ ಮಾಡಿದ್ದೇನೆ. ಗ್ರೋಷಿಯಸ್ ಆ ದಿನ ಕಾಗದ ಹಿಡಿದವರ ಪಕ್ಕ ನಿಂತಿದ್ದ. ಪೋರ್ಚುಗೀಸರ ಚೀಟಿ ಹರಿದವನು ಡಚ್ಚರ ಚೀಟಿಗೆ ಸಹಿ ಹಾಕಿದ. ಆದರೆ ಒಂದು ಮಾತು. ಮುಕ್ತ ಸಮುದ್ರವನ್ನು ವಾಪಸು ತೆಗೆದುಕೊಳ್ಳಲು ಅವನಿಗೂ ಆಗಲಿಲ್ಲ. ಯಾವ ಕಂಪನಿಗೆ ಬರೆದಿದ್ದನೋ ಆ ಕಂಪನಿಯ ವಿರುದ್ಧವೇ ನಾಲ್ಕು ವರ್ಷದೊಳಗೆ ಅದನ್ನು ಓದಿದರು.

ಕೂನ್‌ನ ಪ್ರತಿಮೆಯ ಬುಡದಲ್ಲಿ ಅವನ ಕ್ರೌರ್ಯದ ಬಗ್ಗೆಯೂ ಟೀಕೆ ಇದೆ ಅಂತ ಹೇಳುವ ಫಲಕ ಹಾಕಿದ್ದಾರೆ. ಹುಡುಗಿ ಫೋನಿನಲ್ಲಿ ಅದನ್ನು ಅನುವಾದಿಸಿ ಓದಿದಳು. ಓದಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ನಮ್ಮ ಮನೆ ಹಿತ್ತಲಲ್ಲೂ ಜಾಯಿಕಾಯಿ ಮರ ಉಂಟಲ್ಲ ಅತ್ತೆ" ಅಂದಳು ಆಮೇಲೆ.

ಉಂಟು. ಬಾವಿಯ ಪಕ್ಕ. ಕಾಯಿ ಬಿರಿದಾಗ ಒಳಗೆ ಕಾಣುವ ಆ ಕೆಂಪು ಜಾಯಿಪತ್ರೆಯನ್ನು ಅಮ್ಮ ಉಗುರಿನಲ್ಲಿ ಬಿಡಿಸಿ ಮೊರದಲ್ಲಿ ಒಣಗಿಸುತ್ತಾಳೆ. ಸಂಜೆ ರೈಲಿಗೆ ಮೊದಲು ಹೋರ್ನ್‌ನ ಒಂದು ಅಂಗಡಿಯಲ್ಲಿ ಎರಡು ಜಾಯಿಕಾಯಿ ಕೊಂಡೆ. ಅಲ್ಲಿಂದ ಡೆಲ್ಫ್ಟ್ ತನಕ ಅವು ನನ್ನ ಕೋಟಿನ ಜೇಬಿನಲ್ಲಿದ್ದವು. ದಾರಿಯಲ್ಲಿ ಹುಡುಗಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ನಾನು ರಜೆ ಮುಗಿದ ಮೊದಲ ವಾರಕ್ಕೆ ಇರುವ ದಾರಿ ಕೇಸಿನ ಕಾಗದ ತೆಗೆದು, ಎದುರು ಪಕ್ಷದವರ ಹೇಳಿಕೆಯನ್ನು ಮತ್ತೊಮ್ಮೆ ಮೊದಲಿಂದ ಓದತೊಡಗಿದೆ.